ಗೋಲ್‌ಕೀಪರ್ ಅಡಗಿದ್ದ ಮನೆ

ಕಾಳಿಘಾಟ್, ಕಲ್ಕತ್ತ
9 ಜನವರಿ 1983

ಎರಡು ಕಂಬ, ಒಂದು ಅಡ್ಡಪಟ್ಟಿ, ಇವುಗಳ ನಡುವೆ ನೆಲೆಸಿ ಭಕ್ತಕೋಟಿಯನ್ನು ಕಾಯುತ್ತಿದ್ದ ಶ್ರೀಮಾನ್ ಮುರಾರಿ ರಾಯರ ಸನ್ನಿಧಾನಕ್ಕೆ, ಹಾಜ್ರಾ ನವಪ್ರಭಾತ ಸಂಘದ ಅವೈತನಿಕ, ಅನಧಿಕೃತ ಹಾಗೂ ಯಾರೂ ಕೇಳದೆ ತಾನೇ ಆಗಿರುವ ಕಾರ್ಯದರ್ಶಿ ತ್ರಿವಿಕ್ರಮನು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮೈದಾನದಲ್ಲಿ ಈಗ ಕ್ರಿಕೆಟ್ಟಿನವರ ರಾಜ್ಯಭಾರ. ಫುಟ್‌ಬಾಲಿನವರೆಲ್ಲ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಬಾಯಲ್ಲೇ ಗೋಲು ಹೊಡೆಯುತ್ತಿದ್ದಾರೆ. ಆದರೆ ನಿಜವಾದ ಆಟ ನಡೆಯುವುದು ಆಟವಿಲ್ಲದ ಈ ತಿಂಗಳುಗಳಲ್ಲೇ ಎಂದು ನಿನಗೆ ಗೊತ್ತಲ್ಲ. ಮಾರ್ಚ್ ಕೊನೆಗೆ ಆಟಗಾರರ ಪಕ್ಷಾಂತರ, ಅದೇ ದಲ್‌ಬದಲ್. ಯಾವ ಆಟಗಾರ ಯಾವ ಕ್ಲಬ್ಬಿಗೆ ರುಜು ಹಾಕುತ್ತಾನೆ ಎಂಬುದು ಗೊತ್ತಾಗುವಷ್ಟರಲ್ಲಿ ವರ್ಷದ ಹಣೆಬರಹ ಮುಗಿದಿರುತ್ತದೆ.

ತಂಡ ಕಟ್ಟುವ ವಿಷಯದಲ್ಲಿ ನನ್ನ ಸಿದ್ಧಾಂತ ಬದಲಾಗಿಲ್ಲ. ಎಲ್ಲರೂ ಮುಂದಿನಿಂದ ಕಟ್ಟುತ್ತಾರೆ. ಗೋಲು ಹೊಡೆಯುವವನೊಬ್ಬನನ್ನು ಹಿಡಿದು ತಂದು ಹಾರ ಹಾಕಿ, ಉಳಿದ ಹತ್ತು ಜನರನ್ನು ಟ್ರಾಮ್‌ನಲ್ಲಿ ಸಿಕ್ಕಂತೆ ತುಂಬುತ್ತಾರೆ. ಇದು ಪಾಯಸ ಮೊದಲು ಮಾಡಿ, ಆಮೇಲೆ ಅಕ್ಕಿ ಉಂಟಾ ಎಂದು ಡಬ್ಬಿ ತೆರೆದು ನೋಡಿದ ಹಾಗೆ. ತಂಡವನ್ನು ಹಿಂದಿನಿಂದ ಕಟ್ಟಬೇಕು. ಗೋಲ್‌ಕೀಪರ್ ಸರಿ ಇದ್ದರೆ ಬ್ಯಾಕ್‌ಗಳಿಗೆ ಧೈರ್ಯ, ಬ್ಯಾಕ್‌ಗಳಿಗೆ ಧೈರ್ಯವಿದ್ದರೆ ಹಾಫ್‌ಗಳು ಮುಂದೆ ಹೋಗುತ್ತಾರೆ, ಹಾಫ್‌ಗಳು ಮುಂದೆ ಹೋದರೆ ಫಾರ್ವರ್ಡ್ ಎಷ್ಟೇ ದಡ್ಡನಾದರೂ ಚೆಂಡು ಅವನ ಮೊಣಕಾಲಿಗೆ ಬಡಿದಾದರೂ ಒಳಗೆ ಹೋಗುತ್ತದೆ.

ಈ ವರ್ಷದ ಸಂಗ್ರಹ ಇಂತಿದೆ. ರೈಟ್ ಬ್ಯಾಕ್, ಬಾರಾಸತ್‌ನವನು. ಚೆಂಡು ಬಂದರೆ ಕಾಲು ಎತ್ತುತ್ತಾನೆ, ಯಾವ ಕಾಲು ಎಂದು ಅವನಿಗೇ ಕೊನೆಯವರೆಗೆ ತಿಳಿದಿರುವುದಿಲ್ಲ. ಸೆಂಟರ್ ಹಾಫ್, ನಮ್ಮ ಕೇರಿಯ ಪಾರ್ಟಿ ಸೆಕ್ರೆಟರಿಯ ಸೋದರಳಿಯ. ಕೂರಿಸಿದರೆ ಕ್ರಾಂತಿ, ಆಡಿಸಿದರೆ ಪ್ರತಿಕ್ರಾಂತಿ. ಫಾರ್ವರ್ಡ್ ಹೌರಾದಿಂದ ಫೆರಿ ಹಿಡಿದು ಬರುವವನು. ಮಂಜಿದ್ದರೆ ಫೆರಿ ಇಲ್ಲ, ಮಳೆಯಿದ್ದರೆ ಅವನಿಲ್ಲ.

ಗೋಲ್‌ಕೀಪರ್: ಆ ಸಾಲು ಖಾಲಿ ಬಿಟ್ಟಿದ್ದೇನೆ. ಕಳೆದ ವರ್ಷ ರುಜು ಹಾಕಿದ ನೀನು ಒಂದು ಪಂದ್ಯವೂ ಆಡದೆ ಊರು ಬಿಟ್ಟೆ. ನಿನ್ನ ಜಾಗದಲ್ಲಿ ನಿಂತವನು ಮೂವತ್ತೊಂದು ಗೋಲು ಬಿಟ್ಟುಕೊಟ್ಟ. ನಿನ್ನ ತಂದೆ ಕೃಷ್ಣರಾಜ ಮಾವನನ್ನು ರೈಲ್ವೆಯವರು ವಾಲ್ಟೇರಿಗೆ ಕಳಿಸಿದರೆ ಕಳಿಸಲಿ, ನಿನ್ನನ್ನು ಯಾರು ಕಳಿಸಿದರು?

ಕಸ್ಬಾದಲ್ಲಿ ನಮ್ಮ ಅಧ್ಯಕ್ಷರು, ಹೋಮಿಯೋಪತಿಯ ಘೋಷಾಲ್‌ಬಾಬು, ಕ್ಷೇಮ. ಅವರ ಮನೆಯ ಫೋನು ಮಾತ್ರ ದುರ್ಗಾಪೂಜೆಯ ಸಮಯದಿಂದ ಸತ್ತು ಮಲಗಿದೆ. ಹೋದಾಗಲೆಲ್ಲ ನಾನು ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತೇನೆ. ತಾಂತ್ರಿಕ ಪರಿಶೀಲನೆ.

ಕೃಷ್ಣರಾಜ ಮಾವನಿಗೆ ನನ್ನ ನಮಸ್ಕಾರ ಹೇಳು. ಬೇಡ, ಹೇಳಬೇಡ.

ನಿನ್ನ,
ತ್ರಿವಿಕ್ರಮ


ರೈಲ್ವೆ ಕ್ವಾರ್ಟರ್ಸ್, ವಾಲ್ಟೇರ್
24 ಜನವರಿ 1983

ತ್ರಿವಿಕ್ರಮ,

ನಿನ್ನ ಪತ್ರ ಓದಿ ನಕ್ಕೆ. ನಕ್ಕ ಸದ್ದು ಕೇಳಿ ಒಳಗೆ ಅಪ್ಪ ಪೇಪರ್ ಮಡಚಿದ್ದು ಕೇಳಿಸಿತು. ಉಳಿದದ್ದನ್ನು ಹೊರಗೆ ಹೋಗಿ ಓದಿದೆ.

ಬಾರಾಸತ್‌ನವನನ್ನು ಎಡಗಡೆ ಹಾಕಿ ನೋಡು. ಯಾವ ಕಾಲು ಎಂದು ಗೊತ್ತಿಲ್ಲದವನಿಗೆ ಎಡವೇ ವಾಸಿ, ಎದುರಿನವನಿಗೂ ಗೊತ್ತಾಗುವುದಿಲ್ಲ. ಸೋದರಳಿಯನನ್ನು ಫಾರ್ವರ್ಡ್ ಮಾಡು. ಗೋಲಿನಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

ನಾನು ಬರುವುದಿಲ್ಲ. ಇಲ್ಲಿ ಸಮುದ್ರದ ದಂಡೆಯಲ್ಲಿ ಹುಡುಗರು ಆಡುತ್ತಾರೆ, ಹೋಗಿ ನಿಲ್ಲುತ್ತೇನೆ. ಚೆಂಡು ಕೈಗೆ ಬಂದಾಗ ಅದನ್ನು ಯಾವ ಕಡೆಗೆ ಎಸೆಯಬೇಕೆಂದು ತೋಚುವುದಿಲ್ಲ. ಹಿಡಿದುಕೊಂಡು ನಿಂತುಬಿಡುತ್ತೇನೆ. ಅವರು ತೆಲುಗಿನಲ್ಲಿ ಬೈಯುತ್ತಾರೆ.

ಅಪ್ಪ ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ. ಚೀಟಿ ಬರೆದು ಗಡಿಯಾರದ ಕೆಳಗೆ ಇಡುತ್ತಾರೆ. 'ಸೀಮೆಎಣ್ಣೆ ಮುಗಿದಿದೆ.' 'ನಾಳೆ ಇನ್ಸ್‌ಪೆಕ್ಷನ್, ಊಟಕ್ಕೆ ಕಾಯಬೇಡ.' ನಾನು ಉತ್ತರ ಅದರ ಹಿಂಬದಿಯಲ್ಲಿ ಬರೆಯುತ್ತೇನೆ. ಹೀಗೆ ನನಗೆ ಇಬ್ಬರೊಡನೆ ಪತ್ರವ್ಯವಹಾರ. ನೀನು ದೂರದವನು, ಆದರೂ ನಿನ್ನದೇ ಬೇಗ ತಲುಪುತ್ತದೆ.

ಅಮ್ಮ ಹೋದ ದಿನ ನಾನು ಹತ್ತಿರ ಇರಲಿಲ್ಲವೆಂಬ ಸಿಟ್ಟು ಎಂದು ತಿಳಿದಿದ್ದೇನೆ. ಸಹಜ. ಚೇತ್ಲಾ ಕ್ಲಬ್ಬಿನವರು ಎಳೆದೊಯ್ಯಬಾರದೆಂದು ನೀವೆಲ್ಲ ನನ್ನನ್ನು ಕಸ್ಬಾದಲ್ಲಿ ಅಡಗಿಸಿಟ್ಟ ದಿನವೇ ಅವಳಿಗೆ ಹೊಟ್ಟೆನೋವು ಬಂದು ನರ್ಸಿಂಗ್ ಹೋಂಗೆ ಸೇರಿಸಿದ್ದು. ನನಗೆ ಹೇಗೆ ತಿಳಿಯಬೇಕು? ರುಜು ಹಾಕಿ ಐಎಫ್‌ಎ ಫುಟ್‌ಬಾಲ್ ಕಚೇರಿಯ ಮೆಟ್ಟಿಲಿಳಿದರೆ ಪಕ್ಕದ ಮನೆಯ ಕಲ್ಲಪ್ಪನವರು ಕೆಳಗೆ ನಿಂತಿದ್ದರು. ಅವರ ಮುಖ ನೋಡಿ ನಾನು ಮೊದಲು ಕೇಳಿದ್ದು, "ಚೇತ್ಲಾದವರು ಕಳಿಸಿದ್ರಾ?" ಅಂತ.

ಆ ಮಾತು ಈಗಲೂ ಕೇಳಿಸುತ್ತದೆ.

ಮುರಾರಿ


ಕಾಳಿಘಾಟ್
3 ಫೆಬ್ರವರಿ 1983

ಗೋಲ್‌ಪಾಲಕ ಶಿಖಾಮಣಿಗೆ,

ನಿನ್ನ ನಕಾರವನ್ನು ಕಾರ್ಯಕಾರಿ ಸಮಿತಿಯ ಮುಂದಿಡಲಾಯಿತು. ಸಮಿತಿ (ನಾನು, ಘೋಷಾಲ್‌ಬಾಬು, ಅವರ ಬೆಕ್ಕು) ಅದನ್ನು ಸರ್ವಾನುಮತದಿಂದ ತಿರಸ್ಕರಿಸಿದೆ.

ಚೆಂಡು ಹಿಡಿದು ನಿಂತುಬಿಡುವುದು ರೋಗವಲ್ಲ ಮಾರಾಯ, ಗಾಂಭೀರ್ಯ. ಕಸ್ಬಾದ ಮಹಡಿ ಕೋಣೆ ಸುಣ್ಣ ಬಳಿದು ಸಿದ್ಧವಿದೆ. ಕೇರಂ ಬೋರ್ಡಿಗೆ ಹೊಸ ಪೌಡರ್ ಬಂದಿದೆ. ಸಂಘದ ಸಂವಿಧಾನದ ಮೊದಲನೇ ವಿಧಿ ಈ ಬಾರಿಯೂ ಜಾರಿಯಲ್ಲಿರುತ್ತದೆ: 'ಅಡಗಿಸಿಟ್ಟ ಆಟಗಾರನನ್ನು, ರುಜು ಬೀಳುವವರೆಗೆ, ಯಾರು ಬಿದ್ದರು ಎಂದರೂ, ಯಾರು ಸತ್ತರು ಎಂದರೂ ಹೊರಗೆ ಬಿಡತಕ್ಕದ್ದಲ್ಲ.' ಈ ವಿಧಿ ಬಂದದ್ದೇ ನನ್ನ ಪ್ರತಿಭೆಯಿಂದ ಎಂಬುದನ್ನು ಇತಿಹಾಸ ಮರೆಯದಿರಲಿ. ಎಂಬತ್ತೊಂದರಲ್ಲಿ ಚೇತ್ಲಾ ಬಂಧುಮಹಲ್‌ನವರು ತಮ್ಮ ಸೆಂಟರ್ ಫಾರ್ವರ್ಡ್‌ನನ್ನು ಯಾರದೋ ಮನೆಯಲ್ಲಿ ಕೂಡಿಹಾಕಿದ್ದರಲ್ಲ. ಆ ಮನೆಗೆ ನಾನು ಫೋನ್ ಮಾಡಿ ಅವನ ತಾಯಿಯ ದನಿಯಲ್ಲಿ, "ಖೋಕಾ, ಮಗನೇ, ಬೇಗ ಬಾ, ಎದೆ ಹಿಡ್ಕೊಂಡಿದೆ" ಎಂದು ನರಳಿದ್ದು. ಪಾಪದವನು ಚಪ್ಪಲಿಯೂ ಇಲ್ಲದೆ ಬೀದಿಗೆ ಓಡಿಬಂದದ್ದು. ನಾವು ಟ್ಯಾಕ್ಸಿಯಲ್ಲಿ ಎತ್ತಿ ಹಾಕಿಕೊಂಡು, ರಸಗುಲ್ಲ ತಿನ್ನಿಸಿ, ನೇರ ರುಜು ಹಾಕಿಸಿದ್ದು! ಮನೆಗೆ ಹೋದರೆ ತಾಯಿ ಮೀನು ಹುರಿಯುತ್ತಿದ್ದರಂತೆ. ಇಡೀ ಕೇರಿ ವಾರಗಟ್ಟಲೆ ನಕ್ಕಿತು. ಅಂದಿನಿಂದ ತಾಯಿ, ತಂದೆ, ಅಜ್ಜಿ ಯಾರ ಹೆಸರಿನಲ್ಲಿ ಫೋನ್ ಬಂದರೂ ನಂಬುವ ಹಾಗಿಲ್ಲ.

ನನ್ನ ಕಲೆ ಈಗ ಸ್ವಲ್ಪ ಮಸುಕಾಗಿದೆ, ಅದನ್ನೂ ವರದಿ ಮಾಡಬೇಕು. ಮೊನ್ನೆ ಮಧ್ಯಾಹ್ನ ನಮ್ಮ ಹೋಟೆಲಿನಲ್ಲಿ ಗಿರಾಕಿಗಳನ್ನು ನಗಿಸಲು ಒಬ್ಬ ಮಾರ್ವಾಡಿ ಹೆಂಗಸಿನ ದನಿಯಲ್ಲಿ ಒಳಗೆ ಎರಡು ಮಸಾಲೆ ಹೇಳಿದೆ. ಅಡಿಗೆಯ ವಿಶ್ವನಾಥ ಭಟ್ಟರು ಸೌಟು ಹಿಡಿದೇ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಮುಖದ ಬಣ್ಣ ಹೋಗಿತ್ತು.

"ಈಗ ಕರೆದದ್ದು ಯಾರು?"

"ನಾನೇ ಭಟ್ರೇ, ಎಂತಾಯ್ತು?"

"ರತ್ನಮ್ಮನ ಸ್ವರ ಕೇಳಿದ ಹಾಗಾಯ್ತು ಮಾರಾಯ."

ಯಾವ ಹೆಂಗಸಿನ ದನಿ ಮಾಡಹೋದರೂ ನಿನ್ನ ಅಮ್ಮನದೇ ಬರುತ್ತದೆ. ಗಂಟಲಿನ ದೋಷವಿರಬೇಕು. ಘೋಷಾಲ್‌ಬಾಬು ಸಕ್ಕರೆ ಗುಳಿಗೆ ಕೊಟ್ಟಿದ್ದಾರೆ.

ಬಾ. ಮಾರ್ಚ್ ಇಪ್ಪತ್ತನೇ ತಾರೀಕಿನೊಳಗೆ.

ತ್ರಿವಿಕ್ರಮ


ವಾಲ್ಟೇರ್
14 ಫೆಬ್ರವರಿ 1983

ತ್ರಿವಿಕ್ರಮ,

ತಂಡದ ಮಾತು ಈ ಪತ್ರದಲ್ಲಿ ಬೇಡ.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಬಾಯಿಬಿಟ್ಟು ಮಾತಾಡಿದರು. ಅಮ್ಮನ ವರ್ಷಾಬ್ದಿಕ ಮಾರ್ಚ್ ಇಪ್ಪತ್ತಕ್ಕೆ ಬರುತ್ತದೆ. "ನೀನು ಕೂರುವುದು ಬೇಡ. ನಾನೇ ಕೂರ್ತೇನೆ" ಎಂದರು. ಮಗ ಇರುವಾಗ ನೀವ್ಯಾಕೆ ಎಂದು ಕೇಳಿದೆ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, ಕಲಸಿ, ಆಮೇಲೆ ಹೇಳಿದರು: "ಬರ್ತೇನೆ ಅಂತ ಫೋನಿನಲ್ಲಿ ಹೇಳಿ ಬಾರದವನು, ಈಗ ಪಿಂಡ ಇಡ್ಲಿಕ್ಕೆ ಬರುವುದು ಬೇಡ."

"ಯಾವ ಫೋನು?"

"ಅವಳೇ ಮಾತಾಡಿದ್ದು. ನಾನು ಪಕ್ಕದಲ್ಲೇ ನಿಂತಿದ್ದೆ."

ಅಷ್ಟೇ. ಎದ್ದು ಕೈ ತೊಳೆದರು.

ತ್ರಿವಿಕ್ರಮ, ನನಗೆ ಯಾರೂ ಯಾವ ಫೋನೂ ಕೊಟ್ಟಿಲ್ಲ. ಮಹಡಿಯಿಂದ ನಾನು ಇಳಿಯಲೇ ಇಲ್ಲ. ನೀನು ಎರಡು ದಿನವೂ ಕೆಳಗೆ, ಮೆಟ್ಟಿಲ ಬುಡದಲ್ಲಿ, ಫೋನಿನ ಪಕ್ಕದ ಬೆಂಚಿನ ಮೇಲಿದ್ದೆ. ಅಮ್ಮನ ಫೋನು ಬಂದಿತ್ತಾ? ಹೌದು ಎಂದೋ ಇಲ್ಲ ಎಂದೋ ಬರಿ. ತಮಾಷೆ ಮಾಡಬೇಡ.

ಮುರಾರಿ


ಕಾಳಿಘಾಟ್
20 ಫೆಬ್ರವರಿ 1983
(ಅಂಚೆಗೆ ಹಾಕಿಲ್ಲ)

ಮುರಾರಿ,

ಹೌದು.

ಬಂದಿತ್ತು. ಮಧ್ಯಾಹ್ನ ಮೂರೂವರೆ. ನೀನು ಮೇಲೆ ಕೇರಂ ಆಡುತ್ತಿದ್ದೆ. ಕಾಯಿ ಬೋರ್ಡಿಗೆ ಬಡಿಯುವ ಸದ್ದು ಕೆಳಗೆ ಕೇಳಿಸುತ್ತಿತ್ತು. ನಾನು ಎತ್ತಿದೆ. ಗೊರಗೊರ ಸದ್ದಿನ ಒಳಗಿನಿಂದ, ಕನ್ನಡದಲ್ಲಿ, "ಮುರಾರಿ ಉಂಟಾ? ಅವನಮ್ಮ ಮಾತಾಡುವುದು, ಆಸ್ಪತ್ರೆಯಿಂದ" ಅಂತ.

ದನಿ ರತ್ನತ್ತೆಯದೇ ಅನ್ನಿಸಿತು. ಅದಕ್ಕೇ ನಾನು ನಂಬಲಿಲ್ಲ. ಚೇತ್ಲಾದವರು ನನ್ನ ಎಂಬತ್ತೊಂದರ ಪಟ್ಟನ್ನು ನನಗೇ ಹಾಕುತ್ತಿದ್ದಾರೆ, ಕಾಳಿಘಾಟಿನ ಯಾತ್ರಿಕರಲ್ಲಿ ಯಾರೋ ಕನ್ನಡದ ಹೆಂಗಸನ್ನು ಹಿಡಿದು ಕಲಿಸಿದ್ದಾರೆ ಎಂದುಕೊಂಡೆ. ಎಷ್ಟು ಚೆನ್ನಾಗಿ ಮಾಡಿಸಿದ್ದಾರೆ ಎಂದು ಮೆಚ್ಚಿದೆ. ಮೆಚ್ಚಿದೆ ಮುರಾರಿ. ಹಾಗಾಗಿ ನಾನೂ ನನ್ನ ಪಾತ್ರ ಮಾಡಿದೆ. ಅವರಿಗೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ರುಜು ಆದ ಮೇಲೆ ಹೇಳಿ ಎಲ್ಲರನ್ನೂ ನಗಿಸೋಣ ಎಂದು ಯಾರಿಗೂ ತಿಳಿಸದೆ ಇಟ್ಟುಕೊಂಡಿದ್ದೆ. ಮಾರನೆಯ ದಿನ ಕಲ್ಲಪ್ಪನವರು ಬಂದರು.

ಈಗ ಗೊತ್ತಾಯಿತಲ್ಲ, ಸತ್ತ ಫೋನನ್ನು ನಾನು ಏಕೆ ಎತ್ತುತ್ತೇನೆ ಎಂದು. ಒಳಗೆ ಏನೂ ಇರುವುದಿಲ್ಲ. ಆದರೆ ಏನೂ ಇಲ್ಲದ ಹಾಗೆ ಇರುವುದಿಲ್ಲ. ಯಾರೋ ನಾನು ಮಾತಾಡಲಿ ಎಂದು ಕಾಯುತ್ತಿರುವ ಹಾಗಿರುತ್ತದೆ.


ಕಾಳಿಘಾಟ್
22 ಫೆಬ್ರವರಿ 1983

ಪ್ರಿಯ ಮುರಾರಿ,

ನಿನ್ನ ಪ್ರಶ್ನೆಯ ಮೇಲೆ ವಿಚಾರಣಾ ಆಯೋಗ ಕೂತಿತು. ಆಯೋಗದ ವರದಿ: ಇಲ್ಲ. ಆ ಎರಡು ದಿನ ಕಸ್ಬಾದ ಫೋನು ಸತ್ತಿತ್ತು. ಕಲ್ಕತ್ತೆಯ ಫೋನುಗಳ ಗುಣ ನಿನಗೆ ಗೊತ್ತು. ಒಂದು ತುಂತುರು ಬಿದ್ದರೆ ತಿಂಗಳು ಮಲಗುತ್ತವೆ. ಅತ್ತೆ ಯಾವುದೋ ತಪ್ಪು ನಂಬರಿಗೆ ಮಾತಾಡಿರಬೇಕು. ಆ ಸ್ಥಿತಿಯಲ್ಲಿ ಅವರಿಗಾದರೂ ಏನು ಗೊತ್ತು.

ಮಾವನಿಗೆ ಹೀಗೆ ಹೇಳು, ಸರಿಹೋಗುತ್ತದೆ.

ಸೋದರಳಿಯನನ್ನು ಫಾರ್ವರ್ಡ್ ಮಾಡಿದೆ. ಪಾರ್ಟಿ ಆಫೀಸಿನಿಂದ ಅಭಿನಂದನೆ ಬಂತು.

ತ್ರಿವಿಕ್ರಮ


ವಾಲ್ಟೇರ್
4 ಮಾರ್ಚ್ 1983

ತ್ರಿವಿಕ್ರಮ,

ನಿನ್ನ ಪತ್ರ ಸಿಕ್ಕಿ ಹಗುರಾಯಿತು. ಅಮ್ಮ ಯಾರ ಹತ್ತಿರವೋ ಮಾತಾಡಿ ನಾನೆಂದು ತಿಳಿದಳು. ಹಾಗಾದರೆ ನನ್ನ ದನಿ ಕೇಳಿದ ಸಮಾಧಾನದಲ್ಲೇ ಹೋದಳು. ಹಾಗೆ ಯೋಚಿಸಿಕೊಂಡೆ.

ಆದರೆ ಅಪ್ಪನಿಗೆ ಹೇಳಿದ್ದು ತಪ್ಪಾಯಿತು. "ಫೋನು ಸತ್ತಿತ್ತಂತೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಸಂಜೆ ಗಡಿಯಾರದ ಕೆಳಗೆ ಚೀಟಿ: 'ಬಾರದಿದ್ದುದನ್ನು ಕ್ಷಮಿಸಬಹುದಿತ್ತು. ಸುಳ್ಳನ್ನು ಸೇರಿಸಬಾರದಿತ್ತು.' ಆ ಚೀಟಿಯ ಹಿಂಬದಿಯನ್ನು ಖಾಲಿಯೇ ಇಟ್ಟೆ. ಅಂದಿನಿಂದ ಚೀಟಿಯೂ ಇಲ್ಲ. ಪುರೋಹಿತರಿಗೆ ಹೇಳಿಬಂದಿದ್ದಾರೆ, ಕರ್ತೃ ಅವರೇ ಎಂದು. ನನಗೆ ದೂರ ಕೂರಲೂ ಹೇಳಿಲ್ಲ.

ಇಲ್ಲಿದ್ದು ಇನ್ನೇನು ಮಾಡಲಿ? ನೀನು ಗೆದ್ದೆ. ಹದಿನೆಂಟಕ್ಕೆ ಮೇಲ್ ರೈಲು ಹತ್ತುತ್ತೇನೆ. ಖಾಲಿ ಸಾಲಿನಲ್ಲಿ ನನ್ನ ಹೆಸರು ಬರೆದುಕೋ. ವರ್ಷಾಬ್ದಿಕದ ದಿನ ನಾನು ಈ ಮನೆಯಲ್ಲಿರಬಾರದು. ಕಸ್ಬಾದ ಆ ಮಹಡಿಯಲ್ಲಾದರೆ ಯಾರೂ ಏನೂ ಕೇಳುವುದಿಲ್ಲ.

ಈ ಪ್ರಪಂಚದಲ್ಲಿ ನನ್ನ ಮಾತನ್ನು ನಂಬುವವನು ನೀನೊಬ್ಬ.

ಮುರಾರಿ


(ರಿಜಿಸ್ಟರ್ಡ್)
ಕಾಳಿಘಾಟ್
8 ಮಾರ್ಚ್ 1983

ಪೂಜ್ಯ ಕೃಷ್ಣರಾಜ ಮಾವನವರಿಗೆ ತ್ರಿವಿಕ್ರಮನ ನಮಸ್ಕಾರಗಳು.

ಈ ಪತ್ರದಲ್ಲಿ ತಮಾಷೆ ಇಲ್ಲ. ನನ್ನ ಪತ್ರ ನೋಡಿದರೇ ನಿಮಗೆ ಹಾಗನ್ನಿಸುವುದಿಲ್ಲವೆಂದು ಗೊತ್ತು, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ.

ಕಳೆದ ವರ್ಷ ಮಾರ್ಚಿನಲ್ಲಿ ರತ್ನತ್ತೆ ಕಸ್ಬಾಕ್ಕೆ ಮಾಡಿದ ಫೋನನ್ನು ಎತ್ತಿದ್ದು ನಾನು. ಅದು ಚೇತ್ಲಾದವರ ನಾಟಕವೆಂದು ತಿಳಿದು ಮುರಾರಿಗೆ ಹೇಳಲಿಲ್ಲ. 'ಕಳಿಸುತ್ತೇನೆ' ಎಂದು ಆಟಕ್ಕೆ ಹೇಳಿ ಫೋನ್ ಇಟ್ಟೆ. ಮುರಾರಿಗೆ ಈ ಕ್ಷಣದವರೆಗೆ ಇದು ಗೊತ್ತಿಲ್ಲ. ಹೋದ ತಿಂಗಳು ಅವನು ನೇರವಾಗಿ ಕೇಳಿದಾಗಲೂ ನಾನು ಫೋನು ಸತ್ತಿತ್ತೆಂದು ಸುಳ್ಳು ಬರೆದೆ. ಅವನು ನಿಮಗೆ ಹೇಳಿದ್ದು ನನ್ನ ಸುಳ್ಳನ್ನು, ಅವನದಲ್ಲ.

ಸುಳ್ಳಿನ ಫಲವಾಗಿ ಅವನು ಹದಿನೆಂಟಕ್ಕೆ ಇಲ್ಲಿಗೆ ಹೊರಡುತ್ತಾನೆ. ನಮ್ಮ ತಂಡಕ್ಕೆ ಬೇಕಾದವನು ಅವನೇ. ಹಾಗೆಂದೇ ಈ ಪತ್ರ ಬರೆಯಲು ಇಷ್ಟು ದಿನ ಹಿಡಿಯಿತು. ದಯವಿಟ್ಟು ಅವನನ್ನು ಕಳಿಸಬೇಡಿ. ಇಪ್ಪತ್ತಕ್ಕೆ ಅವನೇ ಕೂರಲಿ.

ತ್ರಿವಿಕ್ರಮ


ರೈಲ್ವೆ ಕ್ವಾರ್ಟರ್ಸ್, ವಾಲ್ಟೇರ್
12 ಮಾರ್ಚ್ 1983

ಚಿ. ತ್ರಿವಿಕ್ರಮನಿಗೆ ಆಶೀರ್ವಾದಗಳು.

ನಿನ್ನ ರಿಜಿಸ್ಟರ್ಡ್ ಪತ್ರ ತಲುಪಿತು. ಸ್ನೇಹಿತನಿಗಾಗಿ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವ ನಿನ್ನ ಒಳ್ಳೆಯತನ ಮೆಚ್ಚುವಂಥದು. ಆದರೆ ನಿನ್ನ ಸ್ವಭಾವ ನನಗೆ ಹತ್ತು ವರ್ಷದಿಂದ ಗೊತ್ತು. ನನ್ನ ಮನೆಯ ಬಾಗಿಲಿಗೆ ಬಂದು ತೆರಿಗೆ ಇಲಾಖೆಯವನೆಂದು ನನ್ನನ್ನೇ ಅರ್ಧ ಗಂಟೆ ನಿಲ್ಲಿಸಿದವನು ನೀನು. ಮೊದಲು ಫೋನು ಸತ್ತಿತ್ತು ಎಂದಾಯಿತು, ಈಗ ನೀನೇ ಎತ್ತಿದೆ ಎಂದಾಯಿತು. ಮುಂದಿನ ಟಪಾಲಿನಲ್ಲಿ ಮೂರನೆಯದು ಬರಬಹುದು.

ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಮಂಚದಿಂದ ಏಳಬಾರದೆಂದು ಡಾಕ್ಟರು ಹೇಳಿದ್ದರೂ ಹಟ ಮಾಡಿ ಗಾಲಿಕುರ್ಚಿಯಲ್ಲಿ ಕೂತು ಫೋನಿನವರೆಗೆ ಬಂದಳು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ನಿಜ. ಆದರೆ ಅವಳು ನಕ್ಕಳು. ಎರಡು ದಿನದ ನೋವಿನಲ್ಲಿ ಆ ಒಂದೇ ಸಲ ನಕ್ಕದ್ದು. ಅಪರಿಚಿತನೋ ಮತ್ತೊಬ್ಬರ ಮಗನೋ ಆಗಿದ್ದರೆ ಹಾಗೆ ನಗುತ್ತಿರಲಿಲ್ಲ. ಫೋನ್ ಇಟ್ಟು, "ಬರ್ತಾನೆ" ಎಂದಳು. ಇಪ್ಪತ್ತನಾಲ್ಕು ವರ್ಷದಲ್ಲಿ ನನಗೆ ಒಂದು ಸುಳ್ಳು ಹೇಳಿದವಳಲ್ಲ.

ಸಂಜೆ ಆಪರೇಷನ್ನಿಗೆ ಒಯ್ಯುವವರೆಗೂ ಬಾಗಿಲು ನೋಡುತ್ತಿದ್ದಳು.

ಈ ವಿಷಯವನ್ನು ಇಲ್ಲಿಗೆ ಮುಗಿಸೋಣ. ಮುರಾರಿ ಎಲ್ಲಿಗಾದರೂ ಹೋಗಲಿ, ವಯಸ್ಸಿಗೆ ಬಂದವನು.

ಕೃಷ್ಣರಾಜ ರಾವ್


(ಎಕ್ಸ್‌ಪ್ರೆಸ್ ಡೆಲಿವರಿ)
ಕಾಳಿಘಾಟ್
15 ಮಾರ್ಚ್ 1983

ಮಾವ,

ನಂಬಿಸಲು ನನ್ನ ಹತ್ತಿರ ಒಂದೇ ಒಂದು ದಾರಿ ಇದೆ. ಅದನ್ನು ಬರೆಯುವುದಕ್ಕಿಂತ ನೀವು ನಂಬದಿರುವುದೇ ವಾಸಿ ಎಂದು ಬೆಳಗಿನಿಂದ ಕೂತಿದ್ದೆ.

ಅತ್ತೆ ಮೊದಲು, "ಮುರಾರಿ ಉಂಟಾ?" ಎಂದರು. ನಾನು ದೊಡ್ಡ ಸಭೆಯ ಅಧ್ಯಕ್ಷನ ದನಿಯಲ್ಲಿ, "ತಾಯೀ, ಪಾತ್ರಾಭಿನಯ ಬಹಳ ಚೆನ್ನಾಗಿದೆ. ಆದರೆ ಆಸ್ಪತ್ರೆಯ ರೋಗಿ ಎಂದ ಮೇಲೆ ಕೆಮ್ಮು ಬೇಡವೇ? ಎಲ್ಲಿ, ಒಂದು ಸಲ ಕೆಮ್ಮಿ ತೋರಿಸಿ" ಎಂದೆ.

ಅವರು ನಕ್ಕರು. ನಾನು ಯಾರೆಂದು ಆಗ ಗೊತ್ತಾಗಿರಬೇಕು. ಎರಡು ಸಲ ಕೆಮ್ಮಿದರು. ಮೊದಲನೆಯದು ಬೇಕೆಂದು, ಎರಡನೆಯದು ನಿಜದ್ದು. "ಸಾಕಾ?" ಎಂದು ಕೇಳಿದರು. "ಅಮೋಘ" ಎಂದೆ. "ಹಾಗಾದ್ರೆ ಅವನನ್ನು ಕಳಿಸು ಮಾರಾಯ" ಎಂದರು. "ಅಪ್ಪಣೆ ತಾಯೀ, ಈಗಲೇ ಕಳಿಸುತ್ತೇನೆ" ಎಂದು ಇಟ್ಟೆ.

ಹೊಟ್ಟೆನೋವಿನವರು ಫೋನಿನಲ್ಲಿ ಏಕೆ ಕೆಮ್ಮಿದರು, 'ಸಾಕಾ' ಎಂದು ಏಕೆ ಕೇಳಿದರು ಎಂಬುದು ಪಕ್ಕದಲ್ಲಿ ನಿಂತಿದ್ದ ನಿಮಗೆ ಅರ್ಥವಾಗಿರಲಿಕ್ಕಿಲ್ಲ. ಇದನ್ನು ಮುರಾರಿ ಹೇಳಿರಲಾರ, ಅವನಿಗೆ ಗೊತ್ತಿಲ್ಲ. ನೀವೂ ಯಾರಿಗೂ ಹೇಳಿರಲಾರಿರಿ ಅಂದುಕೊಂಡಿದ್ದೇನೆ.

ಅತ್ತೆ ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದನ್ನು ನಿಜವೆಂದುಕೊಂಡರು.

ತ್ರಿವಿಕ್ರಮ


ವಾಲ್ಟೇರ್
24 ಮಾರ್ಚ್ 1983

ತ್ರಿವಿಕ್ರಮ,

ಹದಿನೆಂಟರ ಬೆಳಿಗ್ಗೆ ನಾನು ಟ್ರಂಕಿಗೆ ಬೀಗ ಹಾಕುತ್ತಿದ್ದೆ. ಅಪ್ಪ ಟಪಾಲು ಕೈಯಲ್ಲಿ ಹಿಡಿದು ಬಂದು, ಟ್ರಂಕಿನ ಮೇಲೆಯೇ ಕೂತುಬಿಟ್ಟರು.  ಆಮೇಲೆ ನಿನ್ನ ಎರಡೂ ಪತ್ರಗಳನ್ನು ನನಗೆ ಓದಿ ಹೇಳಿದರು. ಓದಲು ಕೊಡಬಹುದಿತ್ತು, ಕೊಡಲಿಲ್ಲ, ಗಟ್ಟಿಯಾಗಿ ಓದಿದರು. ಕೆಮ್ಮಿನ ಜಾಗಕ್ಕೆ ಬಂದು ನಿಲ್ಲಿಸಿ, "ಫೋನಿನ ಹತ್ತಿರ ಗಾಳಿ ಇತ್ತು, ಅದಕ್ಕೆ ಕೆಮ್ಮಿದಳು ಅಂತ ತಿಳಿದು ನಾನು ಶಾಲು ಹೊದೆಸಿದೆ" ಎಂದರು. ನನ್ನ ಹತ್ತಿರ ಕ್ಷಮೆ ಕೇಳಲು ಹೊರಟರು. ನಾನು ಬಿಡಲಿಲ್ಲ.

ಇಪ್ಪತ್ತಕ್ಕೆ ನಾನೇ ಕೂತೆ. ಅಪ್ಪ ಪಕ್ಕದಲ್ಲಿ ನೀರು ಕೊಡುತ್ತಿದ್ದರು.

ನಾನು ರುಜು ಹಾಕಲು ಬರುವುದಿಲ್ಲ, ಈ ವರ್ಷವೂ ಅಲ್ಲ, ಮುಂದೆಯೂ ಅಲ್ಲ. ಗೋಲಿಗೆ ಬೇರೆ ಯಾರನ್ನಾದರೂ ನೋಡಿಕೋ; ಎತ್ತರದವನನ್ನೇ ಹುಡುಕಬೇಡ, ಮುಂದೆ ಬಂದು ಬೀಳುವ ಧೈರ್ಯ ಇರುವವನನ್ನು ಹುಡುಕು.

ನಿನ್ನ ಮೇಲಿನ ಸಿಟ್ಟು ಎಷ್ಟಿದೆ ಎಂದು ಅಳೆಯಲು ಹೋಗಿಲ್ಲ. ಅದರ ಮಾತು ಬೇರೆ. ಈಗ ಕೇಳುತ್ತಿರುವುದು ಬೇರೆ.

ಅಪ್ಪ ಅಮ್ಮನ ಮಾತನ್ನು ಒಂದು ಬದಿಯಿಂದ ಕೇಳಿದವರು, ಅದೂ ದುಃಖದಲ್ಲಿ. ಈಗ ನೆನಪಿಸಿಕೊಳ್ಳಲು ಹೋದರೆ ಪ್ರತಿ ಸಲ ಒಂದೊಂದು ಥರ ಹೇಳುತ್ತಾರೆ. ನಾನು ಕೇಳಲೇ ಇಲ್ಲ. ಕೊನೆಯದಾಗಿ ಅವಳು ನನ್ನನ್ನು ಕರೆದದ್ದು ನಿನ್ನ ಕಿವಿಯಲ್ಲಿದೆ. ನೀನು ಅಪ್ಪನಿಗೆ ಬರೆದದ್ದು ನಂಬಿಸಲು ಬೇಕಾದಷ್ಟು ಮಾತ್ರ. ನನಗೆ ಪೂರ್ತಿ ಬೇಕು. ಹಲೋ ಅಂದಳಾ, ನೇರ ನನ್ನ ಹೆಸರು ಹೇಳಿದಳಾ? 'ಮುರಾರಿ' ಅಂದಳಾ, ಮನೆಯಲ್ಲಿ ಕರೆಯುವ ಹಾಗೆ 'ಮುರಾ' ಅಂದಳಾ? ಎಲ್ಲಿ ಉಸಿರು ತೆಗೆದುಕೊಂಡಳು? ನಗು ಎಷ್ಟು ಹೊತ್ತಿತ್ತು? ಸೇರಿಸಬೇಡ, ಬಿಡಬೇಡ, ಚೆಂದ ಮಾಡಬೇಡ. ನೀನು ಆಡಿದ ಮಾತುಗಳೂ ಇರಲಿ. ಅವು ಇಲ್ಲದೆ ಅವಳದು ಅರ್ಥವಾಗುವುದಿಲ್ಲ.

ಇಲ್ಲಿ ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ. ನಾನು ಬಾಗಿಲಲ್ಲೇ ಇರುತ್ತೇನೆ.

ಮುರಾರಿ